ಸೂಯಿಂಗ್ ಚಿವುಟಿದ ಮೊಗ್ಗುಗಳು

ಸೂಯಿಂಗ್ ಹುಟ್ಟಾ ಪುಕ್ಕಲಿ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಅವಳೇ ಹೇಳಿಕೊಳ್ಳುತ್ತಿದ್ದಳು. ತವರಿನಲ್ಲಿದ್ದಾಗ ಬಾತುಕೋಳಿ ಅಟ್ಟಿಸಿಕೊಂಡು ಬಂದರೆ ಗೋಧಿ ಹುಲ್ಲಿನ ಬಣವೆ ಹತ್ತಿ ಕೂತವಳು ಅಪ್ಪ ಹೊಲದಿಂದ ಬರುವವರೆಗೂ ಇಳಿಯುತ್ತಿರಲಿಲ್ಲವಂತೆ. ಮದುವೆಯಾಗಿ ಬೋಚೌ ಊರಿನ ಔಷಧಿ ಬೀದಿಗೆ ಬಂದ ದಿನ, ಕ್ವೊ ಅವರ ಮನೆಯ ಹೊಸ್ತಿಲಲ್ಲಿ ಪಟಾಕಿ ಸರ ಹಚ್ಚಿದ್ದೇ ತಡ, ಬೆಚ್ಚಿಬಿದ್ದು ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅತ್ತೆ ಆ ಕೈ ಬಿಡಿಸಲಿಲ್ಲ. ಎಳವೆಯಲ್ಲೇ ಬಟ್ಟೆ ಬಿಗಿದು ಕಟ್ಟಿ ಚಿಕ್ಕದಾಗಿಸಿದ ಪಾದಗಳ ಮೇಲೆ ತೂಗುತ್ತ ಹಾಗೇ ಅವಳನ್ನು ಅಂಗಳದ ಮೂಲೆಗೆ ನಡೆಸಿಕೊಂಡು ಹೋಗಿ ನಿಲ್ಲಿಸಿದಳು.

"ಇವ್ಳು ಈ ಮನೆಗೆ ನನಗಿಂತ ಮೊದ್ಲು ಬಂದೋಳು. ಇವ್ಳಿಗೆ ಮೊದ್ಲು ತಲೆ ಬಾಗ್ಸು."

ಆಗ ಕಡು ಚಳಿಗಾಲ. ಅಲ್ಲಿ ಯಾರೂ ಇರಲಿಲ್ಲ. ಇಟ್ಟಿಗೆಯ ಸುತ್ತುಕಟ್ಟು, ಅದರೊಳಗೆ ಹೆಪ್ಪುಗಟ್ಟಿದ ಬರಿ ಮಣ್ಣು. ಸೂಯಿಂಗ್ ಆ ಮಣ್ಣಿಗೆ ತಲೆ ಬಾಗಿಸಿ, ಎಂಥ ಮನೆಗೆ ಬಂದುಬಿಟ್ಟೆನಪ್ಪಾ ಎಂದು ನಡುಗಿದಳು.

ಹಿಮ ಕರಗಿ ಬಿಸಿಲು ಬೆಚ್ಚಗಾದಾಗ ಆ ಮಣ್ಣು ಬಿರಿದು ಕೆಂಪು ಮೊಳಕೆಗಳು ಹಕ್ಕಿಮರಿಗಳ ಕೊಕ್ಕಿನ ಹಾಗೆ ಮೇಲೆದ್ದವು. ಇಪ್ಪತ್ತು ದಿನದಲ್ಲಿ ಮಂಡಿಯೆತ್ತರ, ಇನ್ನಿಪ್ಪತ್ತು ದಿನದಲ್ಲಿ ಸೊಂಟದೆತ್ತರ. ಗೋಧಿ ಹಾಲುಗಟ್ಟುವ ಹೊತ್ತಿಗೆ ಅನ್ನದ ಬಟ್ಟಲಿನಷ್ಟು ಅಗಲದ ಬಿಳಿ ಹೂಗಳು, ಎದೆಯಲ್ಲಿ ಒಂದೆರಡು ಕೆಂಪು ಗೆರೆ. ಪಿಯೋನಿ ಎಂಬ ಆ ಹೂಗಿಡದ ಮುಂದೆ ತಲೆ ಬಾಗಿಸಿದ್ದು ಏಕೆ ಎಂದು ಸೂಯಿಂಗ್‌ಗೆ ಅಂದು ತಿಳಿಯಿತು. ಅತ್ತೆಯ ಅತ್ತೆ ನೆಟ್ಟ ಗಿಡವಂತೆ ಅದು. ಅರವತ್ತು ವರ್ಷ ಒಂದೇ ಜಾಗದಲ್ಲಿ ಕೂತಿದೆ. ಎರಡು ಪ್ರವಾಹ, ಒಂದು ಬೆಂಕಿ, ಜಪಾನೀಯರ ಕುದುರೆಗಳು, ಎಲ್ಲವನ್ನೂ ಕಂಡಿದೆ. ಚಳಿಗಾಲಕ್ಕೆ ಸಾಯುತ್ತದೆ, ವಸಂತಕ್ಕೆ ಏಳುತ್ತದೆ. ಹೂವಿನ ಭಾರಕ್ಕೆ ಬಾಗದಂತೆ ಬಿದಿರಿನ ಬಳೆ ಕಟ್ಟುವುದು, ಶರತ್ಕಾಲದಲ್ಲಿ ಒಣಗಿದ ದಂಟು ಕೊಯ್ದು ಸುಡುವುದು, ಗಿಡದ ನೆತ್ತಿಯ ಮೇಲೆ ಹಸಿ ಗೊಬ್ಬರ ಬೀಳದ ಹಾಗೆ ನೋಡಿಕೊಳ್ಳುವುದು, ಇದನ್ನೆಲ್ಲ ಅತ್ತೆ ಕಲಿಸಿದಳು. ಆ ಬೀದಿಯಲ್ಲಿ ಪಿಯೋನಿ ಎಂದರೆ ಎಲ್ಲರಿಗೂ ಮೊದಲು ಅದರ ಬೇರೇ ನೆನಪಾಗುತ್ತಿದ್ದದ್ದು. ಊರ ಸುತ್ತಲ ಹೊಲಗಳಲ್ಲಿ ಅದನ್ನು ಬೇರಿಗಾಗಿಯೇ ಬೆಳೆಯುತ್ತಿದ್ದರು. ಸಿಪ್ಪೆ ತೆಗೆದು, ಬೇಯಿಸಿ, ಒಣಗಿಸಿ, ತೆಳ್ಳಗೆ ಹೆಚ್ಚಿದ ಬಿಳಿ ಬೇರು ಹೆಂಗಸರ ಹೊಟ್ಟೆನೋವಿಗೆ, ರಕ್ತಹೀನತೆಗೆ ಮದ್ದು. ಸೂಯಿಂಗ್‌ಳ ಮಾವ ಬದುಕಿದ್ದಾಗ ಆ ಬೇರು ಹೆಚ್ಚುವ ಕೆಲಸದವನೇ ಆಗಿದ್ದ. ಆದರೆ ಮನೆಯಂಗಳದ ಈ ಗಿಡಕ್ಕೆ ಮಾತ್ರ ಅವನು ಚಾಕು ತಾಗಿಸಿರಲಿಲ್ಲ.

ಮಗಳು ಚುನ್‌ನಿ ಹುಟ್ಟಿದ ಮೇಲೆ ಗಂಡ ದೆಶಾನ್‌ಗೆ ಹ್ವಾಯ್‌ಬೆಯ್ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಸಿಕ್ಕಿತು. ಹೊಸ ವರ್ಷಕ್ಕೆ ಬರುವುದು, ಹತ್ತು ದಿನ ಕೆಮ್ಮುತ್ತ ಕೂತು ಹೋಗುವುದು. ಮನೆಯಲ್ಲಿ ಮೂವರೇ ಹೆಣ್ಣು ಜೀವ. ಅತ್ತೆಯ ಕಣ್ಣಿಗೆ ಆಗಲೇ ಪೊರೆ ಬೆಳೆಯುತ್ತಿತ್ತು.

ಅರವತ್ತಾರರ ಬೇಸಿಗೆಯಲ್ಲಿ ಕ್ರಾಂತಿಯ ಹೆಸರಿನಲ್ಲಿ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡ ಹುಡುಗ ಹುಡುಗಿಯರು ಬೀದಿ ಬೀದಿ ಹೊಕ್ಕರು. ಹಳೆಯದನ್ನೆಲ್ಲ ಒಡೆಯಬೇಕು ಎಂದು ಅವರಿಗೆ ಯಾರೋ ಹೇಳಿದ್ದರು. ಹಿಂದಿನ ಗಲ್ಲಿಯಲ್ಲಿ ಪಾನ್ ಎಂಬ ಮುದುಕ ಸೇವಂತಿಗೆ ಬೆಳೆಸುತ್ತಿದ್ದ. ಕುಂಡಗಳನ್ನೆಲ್ಲ ಒಡೆದು, ಉಳಿದ ಒಂದಕ್ಕೆ ತಂತಿ ಕಟ್ಟಿ ಅವನ ಕೊರಳಿಗೆ ನೇತುಹಾಕಿ, ಸಂತೆ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೂ ನಿಲ್ಲಿಸಿದರು. ಹೂವು ಸಾಕುವುದು ಸಿರಿವಂತರ ಚಟ, ದುಡಿಯುವವರ ಬೆವರಿಗೆ ಮಾಡುವ ಅವಮಾನ ಎಂದು ಅವನ ಬಾಯಿಂದಲೇ ಹೇಳಿಸಿದರು. ಸೂಯಿಂಗ್ ಅಂದು ಸಿಹಿಗೆಣಸು ತರಲು ಹೋದವಳು ಅದನ್ನು ಕಣ್ಣಾರೆ ಕಂಡಳು. ತಂತಿ ಕೊರೆದು ಮುದುಕನ ಕುತ್ತಿಗೆಯಿಂದ ಇಳಿದ ರಕ್ತದ ಗೆರೆ ಅಂಗಿಯ ಗುಂಡಿಯವರೆಗೂ ಬಂದಿತ್ತು. ಗೆಣಸಿನ ಬುಟ್ಟಿಯನ್ನು ಎದೆಗವಚಿಕೊಂಡು ಮನೆಗೆ ಹೇಗೆ ಬಂದು ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ.

ಬಂದವಳೇ ಕುಡುಗೋಲು ತೆಗೆದುಕೊಂಡು ಪಿಯೋನಿಯನ್ನು ನೆಲಮಟ್ಟಕ್ಕೆ ಕೊಯ್ದಳು. ಹೂವಿನ ಕಾಲ ಮುಗಿದಿತ್ತು, ಇದ್ದದ್ದು ಬರಿ ಎಲೆ. ಆ ಎಲೆಯನ್ನೂ ಒಲೆಗೆ ತುರುಕಿ, ಇಟ್ಟಿಗೆಯ ಸುತ್ತುಕಟ್ಟು ಕಿತ್ತು, ಆ ಜಾಗದ ಮೇಲೆ ಕಲ್ಲಿದ್ದಲ ಬಿಲ್ಲೆಗಳನ್ನು ಒಟ್ಟಿದಳು. ಅತ್ತೆ ಜಗಲಿಯ ಮೇಲೆ ಕೂತು ಸದ್ದು ಕೇಳಿಸಿಕೊಳ್ಳುತ್ತಿದ್ದಳು. ನಾಲ್ಕನೆಯ ದಿನ ಅವರು ಬಂದರು. ಪೂರ್ವಜರ ಹೆಸರು ಕೆತ್ತಿದ ಹಲಗೆ ಮುರಿದರು, ಕಿಟಕಿಯ ಮರದ ಜಾಲರಿ ಮುರಿದರು, ಕಲ್ಲಿದ್ದಲನ್ನು ಒಬ್ಬಳು ಕಾಲಿನಿಂದ ಒದ್ದು, ಶೂಗೆ ಮಸಿಯಾಯಿತೆಂದು ಬೈದು ಹೋದಳು.

ಗಂಡಾಂತರ ಕಳೆಯಿತು ಎಂದುಕೊಂಡಿದ್ದಳು. ವಸಂತ ಬಂತು. ಕಲ್ಲಿದ್ದಲ ರಾಶಿಯ ಮಗ್ಗುಲಿನಿಂದ ಕೆಂಪು ಮೊಳಕೆಗಳು ಮೂತಿ ಚಾಚಿದವು. ಚಿವುಟಿದಳು. ವಾರಕ್ಕೆ ಇನ್ನೊಂದು ಮಗ್ಗುಲಲ್ಲಿ ಬಂದವು. ಮತ್ತೆ ಚಿವುಟಿದಳು. ಬಿಲ್ಲೆಗಳ ನಡುವಿನ ಸಂದಿಯಲ್ಲಿ, ಬೆಳಕೇ ಇಲ್ಲದ ಕಡೆ, ಬಿಳಿಚಿಕೊಂಡ ದಂಟುಗಳು ಹುಳುವಿನಂತೆ ಹೊರಳಿ ದಾರಿ ಹುಡುಕುತ್ತಿದ್ದವು. ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಆ ಮೂಲೆಗೆ ಹೋಗುವುದು, ನೋಡುವುದು, ಕೀಳುವುದು. ಬಾಗಿಲು ಯಾರಾದರೂ ತಟ್ಟಿದರೆ ಕೈ ಅಷ್ಟೂ ಮಣ್ಣು. ಬಚ್ಚಿಡಬೇಕಾದ ವಸ್ತು ಬಚ್ಚಿಟ್ಟಲ್ಲೇ ಇದ್ದರೆ ಸರಿ, ಇದು ತಾನೇ ಎದ್ದು ಬಂದು ಹೇಳಿಕೊಡುತ್ತಿದೆಯಲ್ಲ ಎಂದು ಅವಳಿಗೆ ಗಿಡದ ಮೇಲೆ ರೋಷ ಉಕ್ಕಿತು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ದೊಡ್ಡ ಕೆಟಲಿನಲ್ಲಿ ಉಪ್ಪುನೀರು ಕುದಿಸಿ, ಬಿಲ್ಲೆಗಳನ್ನು ಸರಿಸಿ, ಗಿಡದ ನೆತ್ತಿಯ ಮೇಲೆ ಸುರಿದಳು. ಹಬೆಯೆದ್ದಿತು. ಎಲೆಕೋಸು ಬೆಂದ ಹಾಗೆ ವಾಸನೆ ಬಂತು. ಸೂಯಿಂಗ್ ಒಳಗೆ ಹೋಗಿ ಕೈ ತೊಳೆದುಕೊಂಡಳು, ಮತ್ತೆ ತೊಳೆದುಕೊಂಡಳು.

ಅರ್ಧ ಸತ್ತಿತು. ಇನ್ನರ್ಧ ಮರುವರ್ಷ ಎದ್ದಿತು. ಅಷ್ಟರಲ್ಲಿ ಅತ್ತೆ ದಿನಾ ಆ ಮಣ್ಣಿನ ಹತ್ತಿರ ಕೂತು ಬೆರಳಿನಿಂದ ತಡಕುವುದನ್ನು ರೂಢಿ ಮಾಡಿಕೊಂಡಿದ್ದಳು. "ಈ ಕಡೆ ಯಾಕೋ ಗಿಡ ಕಣ್ಣೇ ಬಿಟ್ಟಿಲ್ಲವಲ್ಲ" ಎಂದು ಒಮ್ಮೆ ಕೇಳಿದಳು. ಇಲಿ ತಿಂದಿರಬೇಕಮ್ಮ ಎಂದಳು ಸೂಯಿಂಗ್.

ಅದೇ ವಸಂತದಲ್ಲಿ ಚೂ ಅಕ್ಕ ಬಂದದ್ದು. ಚೂ ಅಕ್ಕ ಬೀದಿಯ ಮೇಲ್ವಿಚಾರಕಿ. ಮೊದಲು ಔಷಧಿ ಅಂಗಡಿಯವರ ಬಟ್ಟೆ ಒಗೆಯುತ್ತಿದ್ದವಳು, ಎತ್ತರದ ಆಳು, ಚಪ್ಪಟೆ ಮುಖ, ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಕಂಕುಳಲ್ಲಿ ಒಂದು ನೋಟ್‌ಬುಕ್, ಅದಕ್ಕೆ ದಾರ ಕಟ್ಟಿದ ಪೆನ್ಸಿಲು. ಯಾರ ಮನೆಗೆ ಯಾವ ನೆಂಟರು ಬಂದರು, ಯಾರ ಒಲೆಯಲ್ಲಿ ಎಣ್ಣೆ ಘಮ್ಮೆಂದಿತು, ಎಲ್ಲ ಅದರಲ್ಲಿ ಏರುತ್ತದೆ ಎಂದು ಬೀದಿಗೆಲ್ಲ ಗೊತ್ತಿತ್ತು. ತಟ್ಟದೆ ಒಳಗೆ ಬಂದವಳು ನೇರ ಮೂಲೆಗೆ ಹೋಗಿ, ಬಟ್ಟೆ ಚಪ್ಪಲಿಯ ತುದಿಯಿಂದ ಗಿಡವನ್ನು ತೋರಿಸಿದಳು.

"ಏನಿದು?"

ಸೂಯಿಂಗ್‌ಳ ಬಾಯಿಂದ "ಔ... ಔಷಧಿ" ಎಂಬುದೊಂದು ಹೊರಟಿತು, ಹೇಗೆ ಹೊರಟಿತೋ.

ಚೂ ಅಕ್ಕ ಬಗ್ಗಿ ಎಲೆಯನ್ನು ಹಿಂದುಮುಂದು ಮಾಡಿ ನೋಡಿದಳು. "ಔಷಧಿ ಆದ್ರೆ ಹೂ ಬಿಡಬಾರ್ದು. ಹೊಲದಲ್ಲಿ ಬೆಳೆಯೋರು ಮೊಗ್ಗು ಚಿವುಟ್ತಾರೆ, ಬೇರಿಗೆ ಬಲ ಬರ್ಲಿ ಅಂತ. ಹೂ ಬಿಟ್ರೆ ಅದು ಹೂವು. ಗೊತ್ತಾಯ್ತಾ ಕ್ವೊ ಮನೆ ಸೊಸೆ?"

ಗೊತ್ತಾಯಿತು ಎಂದು ತಲೆಯಾಡಿಸಿದಳು. ಚೂ ಅಕ್ಕ ನೋಟ್‌ಬುಕ್ ತೆಗೆದು ಏನೋ ಗೀಚಿಕೊಂಡು ಹೋದಳು. ಏನು ಬರೆದಳು ಎಂಬುದು ಸೂಯಿಂಗ್‌ಗೆ ಕಾಣಿಸಲಿಲ್ಲ.

ಅಂದಿನಿಂದ ಗಿಡ ಬಚ್ಚಿಡುವ ಕೆಲಸ ತಪ್ಪಿತು, ಮೊಗ್ಗು ಕಾಯುವ ಕೆಲಸ ಬಂತು. ಬಟಾಣಿಯಷ್ಟಿದ್ದಾಗಲೇ ಒಂದೊಂದನ್ನೂ ಚಿವುಟಿ, ಎಣಿಸಿ, ಒಲೆಗೆ ಹಾಕುವುದು. ಮೊಗ್ಗಿನ ಮೇಲೆ ಜಿನುಗುವ ಸಿಹಿಗೆ ಇರುವೆಗಳು ಮುತ್ತಿರುತ್ತಿದ್ದವು, ಅವೂ ಬೆಂಕಿಗೆ ಹೋಗುತ್ತಿದ್ದವು. ಚೂ ಅಕ್ಕ ಎರಡು ದಿನಕ್ಕೊಮ್ಮೆ ಬಂದು ನೋಡಿ ಹೋಗುವಳು. ಬರುವ ಹೊತ್ತು ಗೊತ್ತಿಲ್ಲ. ಗಂಜಿ ಕುಡಿಯುವಾಗ ಬರುವಳು, ಬಟ್ಟೆ ಹಿಂಡುವಾಗ ಬರುವಳು. ಅವಳ ಹೆಜ್ಜೆಯ ಸದ್ದನ್ನು ಬೀದಿಯ ಆ ತುದಿಯಿಂದಲೇ ಗುರುತಿಸುವಷ್ಟು ಸೂಯಿಂಗ್‌ಳ ಕಿವಿ ಚುರುಕಾಯಿತು.

ಮುಂದಿನ ವರ್ಷ, ಅರವತ್ತೊಂಬತ್ತರ ಮೇ ತಿಂಗಳು. ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದವಳಿಗೆ ಪರಿಮಳ ಬಡಿಯಿತು. ಗಿಡದ ಹಿಂದೆ, ಗೋಡೆಯ ಬುಡದಲ್ಲಿ, ಅರ್ಧ ಒಡೆದ ಉಪ್ಪಿನಕಾಯಿ ಜಾಡಿಯೊಂದು ಬೋರಲು ಬಿದ್ದಿತ್ತು. ಎತ್ತಿದಳು. ಒಳಗೆ ಒಂದು ದಂಟನ್ನು ಬಗ್ಗಿಸಿ ಕೂರಿಸಲಾಗಿತ್ತು. ಅದರ ತುದಿಯಲ್ಲಿ ಪೂರ್ತಿ ಅರಳಿದ ಬಿಳಿ ಹೂವು.

ಅದೇ ಕ್ಷಣಕ್ಕೆ ಬಾಗಿಲ ಹೊರಗೆ ಚೂ ಅಕ್ಕನ ಹೆಜ್ಜೆ ಕೇಳಿಸಿತು, ಜೊತೆಗೆ ಗಂಡಸರ ಬೂಟಿನ ಸದ್ದು. ಸೂಯಿಂಗ್ ಯೋಚಿಸಲಿಲ್ಲ. ಹೂವನ್ನು ಮುರಿದು ಅಂಗಿಯೊಳಗೆ ತುರುಕಿಕೊಂಡು ಗುಂಡಿ ಹಾಕುವಷ್ಟರಲ್ಲಿ ಮೂವರೂ ಅಂಗಳದಲ್ಲಿದ್ದರು. ಗಂಡಸರಿಬ್ಬರೂ ಮೇಲಿನಿಂದ ತಪಾಸಣೆಗೆ ಬಂದವರು. ಒಬ್ಬ ಮೂಗೇರಿಸಿ, ಏನೋ ಘಮಘಮ ಅಂತಿದೆಯಲ್ಲ ಎಂದ. ಜಗಲಿಯಿಂದ ಅತ್ತೆ, ಮೊಮ್ಮಗಳ ತಲೆಗೆ ಸೋಪು ಹಚ್ಚಿದ್ದೆ ಅಂದಳು. ಅವನು ಒಳಗೆ ಹೋಗಿ ಪೆಟ್ಟಿಗೆಗಳನ್ನು ತೆಗೆಸಿದ, ಇನ್ನೊಬ್ಬ ಗೋಡೆಯ ಮೇಲಿನ ನಾಯಕರ ಚಿತ್ರಪಟ ನೇರವಾಗಿದೆಯೇ ಎಂದು ನೋಡಿದ. ಸೂಯಿಂಗ್ ಅಂಗಳದ ನಡುವೆ ಕೈಕಟ್ಟಿ ನಿಂತಿದ್ದಳು. ಎದೆಯ ಮೇಲೆ ಹೂವು ತಣ್ಣಗೆ ಒದ್ದೆಯಾಗಿತ್ತು. ಇರುವೆಗಳು ಹೊಟ್ಟೆಯ ಮೇಲೆ ಹರಿಯುತ್ತಿದ್ದವು, ಕಚ್ಚುತ್ತಿದ್ದವು, ಅವಳು ಮಿಸುಕಲಿಲ್ಲ. ಆಗ ಅಂಗಿಯ ಅಂಚಿನಿಂದ ಒಂದು ಎಸಳು ಜಾರಿ ನೆಲಕ್ಕೆ ಬಿತ್ತು. ಕರಿ ಇಟ್ಟಿಗೆಯ ಮೇಲೆ ಬೆಳ್ಳಗೆ.

ಚೂ ಅಕ್ಕ ನೋಡಿದಳು. ಸೂಯಿಂಗ್ ಅವಳು ನೋಡಿದ್ದನ್ನು ನೋಡಿದಳು. ಒಳಗಿನಿಂದ ಬೂಟಿನ ಸದ್ದು ಹೊರಗೆ ಬರತೊಡಗಿತು. ಚೂ ಅಕ್ಕ ಎರಡು ಹೆಜ್ಜೆ ಮುಂದೆ ಬಂದು ಆ ಎಸಳಿನ ಮೇಲೆ ಕಾಲಿಟ್ಟು ನಿಂತಳು, ಅವರು ಬೀದಿಗಿಳಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಅವರು ಹೋದ ಮೇಲೆ ಸೂಯಿಂಗ್ ಜೀವಮಾನದಲ್ಲಿ ಮೊದಲ ಬಾರಿಗೆ ಅತ್ತೆಯ ಮೇಲೆ ಕೂಗಾಡಿದಳು. ನಮ್ಮನ್ನೆಲ್ಲ ಕೊಲ್ಲಬೇಕು ಅಂತಿದ್ದೀರಾ, ಚುನ್‌ನಿಯ ಗತಿ ಏನು ಎಂದು ಯೋಚಿಸಿದಿರಾ, ಮಗನ ಕೆಲಸ ಹೋದರೆ ಏನು ತಿನ್ನುತ್ತೀರಿ ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ಮುದುಕಿ ಎಲ್ಲ ಕೇಳಿಸಿಕೊಂಡಳು.

"ಹೌದು, ತಪ್ಪು. ಕೆಂಪು ಕಾಣಲ್ಲ ನಂಗೆ, ಕರಿ ಕಾಣಲ್ಲ. ಬಿಳೀದೊಂದು ಮಸುಕಾಗಿ ಕಾಣ್ಸುತ್ತೆ. ಅದೂ ಹೋಗೋ ಮುಂಚೆ ಒಂದ್ಸಲ ನೋಡ್ಬೇಕು ಅನ್ನಿಸ್ತು, ಚುನ್‌ನಿ ಅಮ್ಮ."

ಸೂಯಿಂಗ್ ಅಂಗಿ ಬಿಚ್ಚಿ ನುಜ್ಜುಗುಜ್ಜಾದ ಹೂವನ್ನು ಅವಳ ಮಡಿಲಿಗೆ ಹಾಕಿದಳು. ಅವಳ ಹೊಟ್ಟೆಯ ತುಂಬ ಕೆಂಪು ಗಂದೆಗಳೆದ್ದಿದ್ದವು.

ಸಂಜೆಗೆ ಮುಂಚೆ ಚೂ ಅಕ್ಕ ಒಬ್ಬಳೇ ಮರಳಿ ಬಂದಳು. ಬಾಗಿಲಲ್ಲೇ ನಿಂತು, ನಾಳೆ ಬೆಳಿಗ್ಗೆ ಗಿಡ ಬುಡಸಮೇತ ಕಿತ್ತಿರಬೇಕು ಎಂದಳು. ಆಗಲಿ ಎನ್ನಬೇಕಿತ್ತು. ಆಗಲಿ ಎನ್ನಲೆಂದೇ ಸೂಯಿಂಗ್ ಬಾಯಿ ತೆರೆದಳು. ಆದರೆ ಒಳಗೆ ಅತ್ತೆ ಆ ಮುದುರಿದ ಎಸಳುಗಳನ್ನು ಒಂದೊಂದಾಗಿ ಮಡಿಲ ಮೇಲೆ ಬಿಡಿಸುತ್ತಿರುವುದು ಅವಳಿಗೆ ಕಾಣುತ್ತಿತ್ತು.

"ಈಗ ಕಿತ್ರೆ ನಷ್ಟ ಅಕ್ಕ" ಎಂದಳು. ದನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಈಗ ತಾನೆ ದಂಟು ಎದ್ದಿದೆ, ಬೇರೆಲ್ಲ ಟೊಳ್ಳಾಗಿರುತ್ತೆ. ಒಣಗಿಸಿದ್ರೆ ಹಿಡಿಯಷ್ಟೂ ಉಳಿಯಲ್ಲ. ಜನರ ಔಷಧಿ ಹಾಳು ಮಾಡಿದ್ರು ಅಂತ ನಾಳೆ ಯಾರಾದ್ರೂ ಕೇಳಿದ್ರೆ? ಶರತ್ಕಾಲಕ್ಕೆ ಬೇರು ತುಂಬ್ಕೊಳ್ಳುತ್ತೆ. ಆಗ ಕೀಳ್ತೀನಿ. ನೀವೇ ನಿಂತು ನೋಡಿ."

ಚೂ ಅಕ್ಕ ಅವಳ ಮುಖ ನೋಡಿದಳು. "ಶರತ್ಕಾಲ" ಎಂದಳು. ಬರೆದುಕೊಂಡಳು.

ಆ ಬೇಸಿಗೆ ಕಳೆದದ್ದು ಹೇಗೆಂದರೆ, ಸೂಯಿಂಗ್‌ಳ ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬರುತ್ತಿತ್ತು. ಚೂ ಅಕ್ಕ ಕಾಲಿಟ್ಟು ಮುಚ್ಚಿದ್ದು ಏಕೆ? ಕರುಣೆಗೋ, ಅಥವಾ ತನ್ನ ಬೀದಿಯಲ್ಲಿ ಹೂವು ಸಿಕ್ಕಿತೆಂದರೆ ತನಗೂ ಏಟು ಎಂಬುದಕ್ಕೋ? ಮುಂದೆ ಬೇಕಾದಾಗ ಹೊರತೆಗೆಯಲು ಬರೆದಿಟ್ಟುಕೊಂಡಿದ್ದಾಳೋ? ಯಾರನ್ನು ಕೇಳುವುದು? ಮನೆಯೊಳಗೂ ಮಾತು ಕಡಿಮೆಯಾಯಿತು. ಶಾಲೆಯಲ್ಲಿ ಮಕ್ಕಳನ್ನು ನಿಲ್ಲಿಸಿ, ನಿಮ್ಮ ಮನೆಯಲ್ಲಿ ಹಳೆಯದೇನು ಉಳಿದಿದೆ ಹೇಳಿ ಎಂದು ಕೇಳುತ್ತಿದ್ದರು. ಚುನ್‌ನಿ ಒಳಗೆ ಬಂದ ಕೂಡಲೇ ಸೂಯಿಂಗ್ ಅತ್ತೆಯೊಡನೆ ಆಡುತ್ತಿದ್ದ ಮಾತು ನಿಲ್ಲಿಸಿಬಿಡುತ್ತಿದ್ದಳು. ಹೆತ್ತ ಮಗಳಿಗೆ ಹೆದರುವ ಹಾಗಾಯಿತು. ಹನ್ನೆರಡು ವರ್ಷದ ಹುಡುಗಿ ಒಂದು ದಿನ ಸಿಹಿಗೆಣಸಿನ ಹೋಳು ಒಣಹಾಕುತ್ತ, ತಲೆ ಎತ್ತದೆ, "ನಾನು ಹೇಳಿಲ್ಲಮ್ಮ. ಒಂದ್ಸಲಾನೂ ಹೇಳಿಲ್ಲ" ಅಂದಳು. ಸೂಯಿಂಗ್ ಕೇಳಿಸದವಳ ಹಾಗೆ ಒಳಗೆ ಹೋದಳು. ಹೋಗಿ ಹಿಟ್ಟಿನ ಡಬ್ಬಿಯ ಹಿಂದೆ ನಿಂತು ಅತ್ತಳು.

ಶರತ್ಕಾಲ ಬಂತು, ಚೂ ಅಕ್ಕ ಬಂದಳು. ಸೂಯಿಂಗ್ ಗುದ್ದಲಿ ಹಿಡಿದಳು. ಎರಡು ಗಂಟೆ ಅಗೆದರೂ ಗಿಡ ಬಿಡಲಿಲ್ಲ. ಕೊನೆಗೆ ಎದ್ದ ಗಡ್ಡೆ ಕುರಿಮರಿಯಷ್ಟಿತ್ತು. ಬೇರುಗಳು ಮುಂಗೈ ಗಾತ್ರ. ಹಳೆಯವು ಒಳಗೆ ಕಪ್ಪಾಗಿ ಟೊಳ್ಳಾಗಿದ್ದವು. ಒಂದು ಮಗ್ಗುಲು ಪೂರ್ತಿ ಕೊಳೆತಿತ್ತು. ಕುದಿನೀರು ಬಿದ್ದ ಮಗ್ಗುಲು ಅದು. ಅತ್ತೆ ಅದನ್ನು ಮುಟ್ಟಿ ನೋಡಿ ಬೆರಳು ಮೂಸಿದಳು. ಇಲಿ ಅಂತ ಮತ್ತೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಒಳ್ಳೆಯ ಬೇರುಗಳನ್ನು ಕತ್ತರಿಸಿ ಬುಟ್ಟಿಗೆ ತುಂಬಿ, ಖರೀದಿ ಕೇಂದ್ರಕ್ಕೆ ಒಯ್ಯಲು ಕಟ್ಟಿದ್ದಾಯಿತು. ಬೇರು ಕತ್ತರಿಸಿದ ಮೇಲೆ ಉಳಿಯುವುದು ಗಿಡದ ತಲೆ, ಮುಂದಿನ ವರ್ಷದ ಮೊಳಕೆಯ ಕೆಂಪು ಕಣ್ಣುಗಳಿರುವ ಗಂಟು. ಅದನ್ನು ಸೀಳಿ ಮತ್ತೆ ನೆಡುವುದು ಆ ಸೀಮೆಯ ಬೇಸಾಯದ ಪದ್ಧತಿ, ಚೂ ಅಕ್ಕನಿಗೂ ಅದು ಗೊತ್ತಿಲ್ಲದ್ದಲ್ಲ. ಸೂಯಿಂಗ್ ಮೂರು ತುಂಡುಗಳನ್ನು ನೆಲದ ಮೇಲೆ ಇಟ್ಟುಕೊಂಡು, ಏನು ಹೇಳುತ್ತಾಳೋ ಎಂದು ಕಾದು ಕೂತಳು.

ಚೂ ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿದಳು. "ಅದ್ರಲ್ಲೊಂದು ನನಗಿರ್ಲಿ" ಎಂದಳು. ಅಷ್ಟೇ. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ನೋಟ್‌ಬುಕ್ಕಿನ ಕೆಳಗೆ ಇರಿಸಿಕೊಂಡು ಹೋದಳು.

ಸೂಯಿಂಗ್‌ಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಗುಟ್ಟು ಒಬ್ಬರಲ್ಲಿದ್ದಾಗ ಒಂದು ಬಾಯಿ, ಈಗ ಎರಡಾಯಿತು. ಚೂ ಅಕ್ಕನ ಮನೆಯಲ್ಲಿ ಗಿಡ ಸಿಕ್ಕಿಬಿದ್ದರೆ, ಎಲ್ಲಿಂದ ಬಂತು ಎಂದು ಕೇಳಿದರೆ, ತನ್ನ ತಲೆ ಉಳಿಸಿಕೊಳ್ಳಲು ಅವಳು ಯಾರ ಹೆಸರು ಹೇಳುತ್ತಾಳೆ? ಸೂಯಿಂಗ್ ತನ್ನ ಪಾಲಿನ ಎರಡು ತುಂಡುಗಳನ್ನು ಅದೇ ಮೂಲೆಯಲ್ಲಿ ನೆಟ್ಟಳು. ಮೊದಲ ವರ್ಷ ಎರಡೆಲೆ. ಎರಡನೆಯ ವರ್ಷ, ಎಪ್ಪತ್ತೊಂದರಲ್ಲಿ, ಅಚ್ಚರಿಯೆಂಬಂತೆ ಎರಡು ಮೊಗ್ಗು ಕಾಣಿಸಿಕೊಂಡವು. ಅತ್ತೆ ಆಗ ಹಾಸಿಗೆ ಹಿಡಿದಿದ್ದಳು. ಬೆಳಕು ಕತ್ತಲೆಗಳ ವ್ಯತ್ಯಾಸ ಮಾತ್ರ ಅವಳಿಗೆ ತಿಳಿಯುತ್ತಿತ್ತು. "ಬಂತಾ?" ಎಂದು ಕೇಳಿದಳು.

"ಇಲ್ಲಮ್ಮ. ಎಬ್ಬಿಸಿ ನೆಟ್ಟದ್ದಲ್ವಾ, ಇನ್ನೂ ಮೂರು ವರ್ಷ ಬೇಕು" ಎಂದಳು ಸೂಯಿಂಗ್. ಅಂಗಳಕ್ಕೆ ಬಂದು ಎರಡನ್ನೂ ಚಿವುಟಿದಳು.

ಆ ಚಳಿಗಾಲ ಅತ್ತೆ ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನದಿಂದ ಸೂಯಿಂಗ್‌ಗೆ ಹೊಸದೊಂದು ಹೆದರಿಕೆ ಹತ್ತಿಕೊಂಡಿತು. ಸತ್ತವರಿಗೆ ಎಲ್ಲ ಕಾಣುತ್ತದೆ ಎನ್ನುತ್ತಾರಲ್ಲ. ಕುದಿನೀರೂ ಕಾಣುತ್ತದೆ, ಆ ಎರಡು ಮೊಗ್ಗೂ ಕಾಣುತ್ತದೆ. ಅತ್ತೆ ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ವರ್ಷಗಳು ಉರುಳಿದವು. ರೇಡಿಯೊದ ದನಿ ಬದಲಾಯಿತು, ಗೋಡೆಯ ಬರಹಗಳ ಮೇಲೆ ಸುಣ್ಣ ಬಿತ್ತು. ಪಾನ್ ಮುದುಕ ಮತ್ತೆ ಎರಡು ಕುಂಡ ಇಟ್ಟ. ಚೂ ಅಕ್ಕನ ಕೈಯಿಂದ ನೋಟ್‌ಬುಕ್ ಹೋಗಿ, ಅವಳು ಬೀದಿಯ ಇತರ ಮುದುಕಿಯರ ಹಾಗೆ ಎಲೆಕೋಸು ಹೊತ್ತು ತರತೊಡಗಿದಳು. ಎದುರಾದರೆ ಸೂಯಿಂಗ್ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು. ಚೂ ಅಕ್ಕ ತಲೆ ತಗ್ಗಿಸಿ ಬೇಗ ಬೇಗ ದಾಟಿ ಹೋಗುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಮತ್ತು ಪ್ರತಿ ವಸಂತ ಸೂಯಿಂಗ್ ಮೊಗ್ಗು ಚಿವುಟುತ್ತಲೇ ಇದ್ದಳು. ಯಾರೂ ಹೇಳುತ್ತಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಎಂಬತ್ತರಲ್ಲಿ ಚುನ್‌ನಿ, ಆಗ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದವಳು, ರಜೆಗೆ ಬಂದವಳು ತಾಯಿಯ ಮುಷ್ಟಿ ಬಿಡಿಸಿ ನೋಡಿದಳು. ಹದಿನೇಳು ಮೊಗ್ಗು.

"ಅಮ್ಮ, ಯಾರಿಗಾಗಿ ಇನ್ನೂ?"

"ಗಾಳಿ ಯಾವಾಗ ತಿರುಗುತ್ತೋ ಯಾರಿಗೆ ಗೊತ್ತು."

"ತಿರುಗಿದ್ರೆ ನಾನು ಅಂಗಿಯೊಳಗೆ ಇಟ್ಕೋತೀನಿ. ಒಂದೇ ಒಂದು ಬಿಡು."

ಒಂದೇ ಒಂದನ್ನು ಬಿಟ್ಟಳು. ಅದು ಅರಳುವವರೆಗೆ ಹತ್ತು ದಿನ ಅವಳಿಗೆ ಊಟ ಸೇರಲಿಲ್ಲ. ಅರಳಿದ ದಿನ ಅಂಗಳದ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಗಿಡದ ಮುಂದೆ ಮಣೆ ಹಾಕಿಕೊಂಡು ಕೂತಳು. ಯಾರಾದರೂ ಬರುತ್ತಾರೆ ಎಂದು ಒಂದು ತಿಂಗಳು ಕಾದಳು. ಯಾರೂ ಬರಲಿಲ್ಲ.

ಬಂದದ್ದು ಮೂರು ವರ್ಷದ ಮೇಲೆ, ಶರತ್ಕಾಲದ ಒಂದು ಬೆಳಿಗ್ಗೆ, ಚೂ ಅಕ್ಕ. ಈ ಸಲ ಬಾಗಿಲು ತಟ್ಟಿದಳು. ಮುದುಕಿ ಒಳಗೆ ಬಂದು, ಕೂರು ಎಂದರೂ ಕೂರದೆ, ಗೋಡೆ ನೋಡುತ್ತ, "ನಂದು ಹೂ ಬಿಡ್ತಿಲ್ಲ" ಎಂದಳು. ಹದಿನಾಲ್ಕು ವರ್ಷವಾಯಿತಂತೆ. ಎಲೆ ಬರುತ್ತದೆ, ಹೋಗುತ್ತದೆ. ಮೊಗ್ಗೇ ಇಲ್ಲ.

ಸೂಯಿಂಗ್ ಗುದ್ದಲಿ ತೆಗೆದುಕೊಂಡು ಅವಳ ಹಿಂದೆ ಹೋದಳು. ಚೂ ಅಕ್ಕನ ಮನೆಯ ಹಿಂಭಾಗ, ಹಂದಿಗೂಡಿನ ಗೋಡೆಗೂ ಬಚ್ಚಲಿಗೂ ನಡುವಿನ ಕಿಷ್ಕಿಂಧೆ. ಅಗೆದಳು. ಒಂದು ಗೇಣು ಅಗೆದರೂ ಗಿಡದ ತಲೆ ಸಿಗಲಿಲ್ಲ. ಪಿಯೋನಿಯ ಕಣ್ಣುಗಳು ಎರಡು ಬೆರಳಿಗಿಂತ ಆಳದಲ್ಲಿದ್ದರೆ ಅದು ಬದುಕುತ್ತದೆ, ಆದರೆ ಹೂ ಬಿಡುವುದಿಲ್ಲ. ಇದು ಮೊಳಕಾಲುದ್ದ ಕೆಳಗಿತ್ತು. ಇಷ್ಟು ಕಾಲ ಅಷ್ಟು ಮಣ್ಣನ್ನು ತಳ್ಳಿಕೊಂಡು ಎಲೆಯನ್ನಾದರೂ ಮೇಲೆ ಕಳಿಸಿದ್ದೇ ದೊಡ್ಡದು.

"ಇಷ್ಟು ಆಳಕ್ಕೆ ಯಾಕೆ ಹಾಕಿದ್ರಿ?"

"ಕಾಣಬಾರ್ದು ಅಂತ." ಚೂ ಅಕ್ಕ ಬಾಲ್ದಿಯ ಮೇಲೆ ಕೂತಳು. "ಕಂಡ್ರೆ ನೀನು ಹೋಗಿ ಹೇಳಿದ್ರೆ?"

"ನಾನಾ?"

"ನಿನ್ನ ಅತ್ತೆ ಹೂವಿನ ಮೇಲೆ ಕಾಲಿಟ್ಟು ಮುಚ್ಚಿದೋಳು ನಾನು. ಅದನ್ನ ಕಂಡೋಳು ನೀನೊಬ್ಳೇ. ಮೇಲಾಗಿ ನನ್ ಕೈಲಿ ಗಿಡ. ನಿನ್ನ ಬಾಯಿಂದ ಒಂದು ಮಾತು ಬಿದ್ದಿದ್ರೆ ನಾನೂ ನನ್ ಮಕ್ಳೂ ಹೋಗಿದ್ವಿ. ಅದಾದ್ಮೇಲೂ ಎರಡು ದಿನಕ್ಕೊಂದ್ಸಲ ಬರ್ತಿದ್ನಲ್ಲ, ಅದು ನಿನ್ನ ಮುಖ ನೋಡೋಕೆ. ಬಾಯಿ ಬಿಟ್ಟಿದ್ದೀಯೋ ಇಲ್ವೋ ಅಂತ."

ತನಗೆ ಹೆದರುವವರೂ ಈ ಭೂಮಿಯ ಮೇಲಿದ್ದರು ಎಂಬುದು ಸೂಯಿಂಗ್‌ಳ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಕೊನೆಗೆ, ಆ ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತಿದ್ದಿರಿ ಎಂದು ಕೇಳಿದಳು. ಚೂ ಅಕ್ಕ ತನಗೆ ಬರುತ್ತಿದ್ದದ್ದು ನಲವತ್ತೋ ಐವತ್ತೋ ಅಕ್ಷರ ಎಂದಳು. "ಔಷಧಿ" ಎಂಬುದನ್ನು ಬರೆಯಲು ಬರುತ್ತಿರಲಿಲ್ಲ. ಒಂದು ಸೊನ್ನೆ ಹಾಕಿ, ಅದಕ್ಕೊಂದು ಬಾಲ ಎಳೆದು ಬಿಡುತ್ತಿದ್ದಳಂತೆ.

ಇಬ್ಬರೂ ಸೇರಿ ಗಿಡ ಎಬ್ಬಿಸಿದರು. ಹಂದಿಗೂಡಿನ ಹಿಂದೆ ಬೇಡ ಎಂದು ಮುಂದಿನ ಅಂಗಳದಲ್ಲಿ, ಬಿಸಿಲು ಬೀಳುವ ಕಡೆ, ಎರಡು ಬೆರಳಾಳಕ್ಕೆ ನೆಟ್ಟರು. ಮೂರು ವರ್ಷ ಕಾಯಬೇಕು ಎಂದಳು ಸೂಯಿಂಗ್. ಅಷ್ಟು ದಿನ ಇರ್ತೀನೋ ಇಲ್ವೋ ಎಂದಳು ಚೂ ಅಕ್ಕ. ಇದ್ದಳು. ಎಂಬತ್ತಾರರಲ್ಲಿ ಅದು ನಾಲ್ಕು ಹೂ ಬಿಟ್ಟಾಗ ಸೊಸೆಯನ್ನು ಕಳಿಸಿ ಸೂಯಿಂಗ್‌ಳನ್ನು ಕರೆಸಿದಳು. ಹೋದ ಸೂಯಿಂಗ್ ಒಂದನ್ನು ಕೊಯ್ದು ಕೊಡಿ ಎಂದು ಕೇಳಿ ಪಡೆದು, ಊರಾಚೆಯ ಮಣ್ಣದಿಬ್ಬದವರೆಗೂ ನಡೆದು ಹೋಗಿ, ಅತ್ತೆಯ ಗೋರಿಯ ಮೇಲಿಟ್ಟು, ಕುದಿನೀರಿನ ವಿಷಯವನ್ನೂ ಎರಡು ಮೊಗ್ಗಿನ ವಿಷಯವನ್ನೂ ಬಾಯಿಬಿಟ್ಟು ಹೇಳಿ ಬಂದಳು. ಹೇಳಿ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳಂತೆ, ಬೈಗುಳ ಬರುತ್ತದೇನೋ ಎಂದು.

ಈಗ ಸೂಯಿಂಗ್‌ಗೆ ಎಂಬತ್ತೈದು. ಮತ್ತೆ ನೆಟ್ಟ ಗಿಡಕ್ಕೆ ಐವತ್ತರ ಹತ್ತಿರದ ವಯಸ್ಸು. ಮೊಗ್ಗು ಚಿವುಟುವುದು ಎಂದೋ ನಿಂತಿದೆ, ವರ್ಷಕ್ಕೆ ಮೂವತ್ತು ನಲವತ್ತು ಹೂ. ಪುಕ್ಕಲುತನ ಎಲ್ಲಿಗೂ ಹೋಗಿಲ್ಲ. ಮೇ ತಿಂಗಳಲ್ಲಿ ಮೋಡ ಗುಡುಗಿದರೆ ಆಲಿಕಲ್ಲು ಬಿದ್ದೀತೆಂದು ಹೆದರಿ, ಮೂರು ಹಳೆಯ ಕೊಡೆಗಳನ್ನು ಬಿದಿರಿಗೆ ಕಟ್ಟಿ ಗಿಡದ ಮೇಲೆ ನಿಲ್ಲಿಸುತ್ತಾಳೆ, ತಾನು ಮಾತ್ರ ನೆನೆಯುತ್ತ ಕೊಡೆ ಹಾರಿಹೋಗದಂತೆ ಹಿಡಿದುಕೊಂಡಿರುತ್ತಾಳೆ. ಜಗಲಿಯಿಂದ ಚುನ್‌ನಿ, ಒಳಗೆ ಬಾರಮ್ಮ, ಸಾಕು, ನ್ಯುಮೋನಿಯಾ ಆಗುತ್ತೆ ಎಂದು ಕೂಗುತ್ತಲೇ ಇರುತ್ತ, ಕೊನೆಗೆ ತಾನೂ ಇಳಿದು ಬಂದು ಇನ್ನೊಂದು ಕೊಡೆಯ ಕಾವನ್ನು ಹಿಡಿದುಕೊಳ್ಳುತ್ತಾಳೆ.